ಪ್ಯಾರಿಸ್‌ನ ಆ ತಣ್ಣನೆ ರಾತ್ರಿ ನಡಾಲ್ ಸೋಲಬೇಕಿತ್ತು, ಯಾಕೆ ಸೋಲಲಿಲ್ಲ?

2022ರ ಮೇ ತಿಂಗಳ ಕೊನೆ. ಫ್ರೆಂಚ್ ಓಪನ್ ಶುರುವಾಗ್ತಿದೆ. ಟೆನಿಸ್ ಅಭಿಮಾನಿಗಳು ಎಲ್ಲೇ ಸೇರಿದ್ರೂ ಒಂದೇ ಜಗಳ: ರಫೆಲ್ ನಡಾಲ್ ಕಥೆ ಮುಗೀತಾ, ಇನ್ನೂ ಇದೆಯಾ? ಅದು ಅವರು 13 ಸಲ ಗೆದ್ದಿದ್ದ ಜಾಗ. ಅಲ್ಲಿ ಅವತ್ತಿನವರೆಗೆ ಆಡಿದ್ದ 108 ಪಂದ್ಯಗಳಲ್ಲಿ ಸೋತಿದ್ದು ಮೂರೇ ಮೂರು. ಆದರೂ ಆ ವರ್ಷ ಅವರ ಕಟ್ಟಾ ಅಭಿಮಾನಿಗಳೇ ಗಟ್ಟಿಯಾಗಿ ಮಾತಾಡೋಕೆ ಹಿಂಜರೀತಿದ್ರು.

ಆ ವಾದವನ್ನ ಇವತ್ತು ಎಳೆ ಎಳೆಯಾಗಿ ಬಿಡಿಸಿ ನೋಡೋಣ. ಹೋದ ವಾರದ ಸ್ಕೋರ್ ನೋಡಿ ಈ ವಾರದ ಚಾಂಪಿಯನ್ ಯಾರು ಅಂತ ಹೇಳೋ ನಮ್ಮ ಅಭ್ಯಾಸ ಎಲ್ಲಿ ಎಡವುತ್ತೆ ಅನ್ನೋದು ಈ ಟೂರ್ನಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿಲ್ಲ ಅನ್ನೋದು ನನ್ನ ನಂಬಿಕೆ.

ಅನುಮಾನ ಪಟ್ಟವರದ್ದು ಬರೀ ಬಾಯಿಮಾತಾಗಿರಲಿಲ್ಲ. ಜನವರಿಯಲ್ಲಿ ಮೆಲ್ಬರ್ನ್ ಫೈನಲ್‌ನಲ್ಲಿ ಮೆಡ್ವೆಡೆವ್ ವಿರುದ್ಧ ಎರಡು ಸೆಟ್ ಹಿಂದೆ ಬಿದ್ದು ನಡಾಲ್ ಗೆದ್ದಿದ್ರು, ನಿಜ. ಆ ವರ್ಷದ ಮೊದಲ 20 ಪಂದ್ಯಗಳನ್ನೂ ಗೆದ್ದಿದ್ರು. ಆದರೆ ಮಾರ್ಚ್‌ನಲ್ಲಿ ಇಂಡಿಯನ್ ವೆಲ್ಸ್‌ನಲ್ಲಿ ಪಕ್ಕೆಲುಬು ಬಿರುಕು ಬಿಟ್ಟಿತು. ಮೇ ಮೊದಲ ವಾರ ಮ್ಯಾಡ್ರಿಡ್‌ಗೆ ವಾಪಸ್ ಬಂದ್ರು. ಅಲ್ಲಿ ಹಿಂದಿನ ದಿನವಷ್ಟೇ 19 ತುಂಬಿದ್ದ ಕಾರ್ಲೋಸ್ ಅಲ್ಕರಾಜ್ ಎದುರು ಸೋತ್ರು. ಮುಂದಿನ ವಾರ ರೋಮ್‌ನಲ್ಲಿ ಶಪೊವಲೋವ್ ಎದುರು ಮೊದಲ ಸೆಟ್ 6-1ರಲ್ಲಿ ಗೆದ್ದು, ಆಮೇಲೆ ಕುಂಟುತ್ತಾ ಸೋತ್ರು. ಎಡಗಾಲಿನ ಪಾದದ ಒಂದು ಮೂಳೆ ಸವೆಯೋ ಹಳೇ ಕಾಯಿಲೆ ಅದು, ಮುಲ್ಲರ್-ವೈಸ್ ಅಂತಾರೆ. ಪೂರ್ತಿ ವಾಸಿಯಾಗೋ ಕಾಯಿಲೆ ಅಲ್ಲ.

ಇತ್ತ ನೊವಾಕ್ ಜೊಕೊವಿಚ್ ಅದೇ ರೋಮ್ ಪ್ರಶಸ್ತಿಯನ್ನ ಒಂದು ಸೆಟ್ಟೂ ಕಳಕೊಳ್ಳದೆ ಎತ್ತಿದ್ರು. ಅಲ್ಕರಾಜ್ ಅಂತೂ ಮ್ಯಾಡ್ರಿಡ್‌ನಲ್ಲಿ ನಡಾಲ್, ಜೊಕೊವಿಚ್ ಇಬ್ಬರನ್ನೂ ಬೆನ್ನುಬೆನ್ನಿಗೆ ಎರಡು ದಿನ ಸೋಲಿಸಿ, ಫೈನಲ್‌ನಲ್ಲಿ ಜ್ವೆರೆವ್‌ಗೆ ನಾಲ್ಕೇ ಗೇಮ್ ಕೊಟ್ಟಿದ್ದ. ಇಷ್ಟನ್ನ ಮುಂದಿಟ್ಟುಕೊಂಡು ಯಾರಾದ್ರೂ ನಡಾಲ್ ಹೆಸರು ಮೂರನೇ ಸ್ಥಾನಕ್ಕೆ ತಳ್ಳಿದ್ರೆ ತಪ್ಪು ಅನ್ನೋಕೆ ಆಗ್ತಿರಲಿಲ್ಲ.

ಆದರೆ ಮ್ಯಾಡ್ರಿಡ್ ಇರೋದು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿ ತೆಳು. ಚೆಂಡು ಜೋರಾಗಿ ಹಾರುತ್ತೆ. ಟಾಪ್‌ಸ್ಪಿನ್‌ಗೆ ಸಿಗಬೇಕಾದ ಹಿಡಿತ ಕಮ್ಮಿ. ಆವೆಮಣ್ಣಿನ ದೊಡ್ಡ ಟೂರ್ನಿಗಳ ಪೈಕಿ ನಡಾಲ್‌ಗೆ ಒಗ್ಗೋದು ಕಷ್ಟವಾದ ಜಾಗ ಅದಾಗಿತ್ತು. ಜೊತೆಗೆ ಮ್ಯಾಡ್ರಿಡ್, ರೋಮ್ ಎರಡರಲ್ಲೂ ಮೂರು ಸೆಟ್‌ನ ಪಂದ್ಯ, ಆಗ ಹೆಚ್ಚುಕಮ್ಮಿ ದಿನಾ ಆಟ ಇರ್ತಿತ್ತು. ಪ್ಯಾರಿಸ್‌ನಲ್ಲಿ ಐದು ಸೆಟ್, ಆದರೆ ನಡುವೆ ಒಂದು ದಿನ ಬಿಡುವು. ನೋಯೋ ಕಾಲಿಗೆ ಆ ಒಂದು ದಿನದ ಬೆಲೆ ಎಷ್ಟು ಅಂತ ಆಗ ಯಾರೂ ಸರಿಯಾಗಿ ಲೆಕ್ಕ ಹಾಕಲಿಲ್ಲ.

ಅಷ್ಟರಲ್ಲಿ ಡ್ರಾ ಬಂತು. ಅಗ್ರ ಶ್ರೇಯಾಂಕದ ಜೊಕೊವಿಚ್, ಮೂರನೇ ಶ್ರೇಯಾಂಕದ ಜ್ವೆರೆವ್, ಐದನೆಯ ನಡಾಲ್, ಆರನೆಯ ಅಲ್ಕರಾಜ್, ನಾಲ್ವರೂ ಮೇಲಿನ ಅರ್ಧದಲ್ಲೇ! ಕೆಳಗಿನ ಅರ್ಧದಲ್ಲಿ ಮೆಡ್ವೆಡೆವ್ ಮತ್ತು ಸಿಟ್ಸಿಪಾಸ್. ಅವರಿಬ್ಬರೂ ನಾಲ್ಕನೇ ಸುತ್ತಿಗೇ ಮನೆಗೆ ಹೋದ್ರು. ಅಲ್ಕರಾಜ್‌ನನ್ನ ಕ್ವಾರ್ಟರ್‌ಫೈನಲ್‌ನಲ್ಲಿ ಜ್ವೆರೆವ್ ನಾಲ್ಕು ಸೆಟ್‌ಗಳಲ್ಲಿ ಹೊರಗೆ ಹಾಕಿದ್ರು. ಮ್ಯಾಡ್ರಿಡ್‌ನಲ್ಲಿ 6-3, 6-1ರಲ್ಲಿ ಸೋತಿದ್ದ ಅದೇ ಜ್ವೆರೆವ್, ಒಂದೇ ತಿಂಗಳೊಳಗೆ. ಹೋದ ವಾರದ ಸ್ಕೋರನ್ನ ನಂಬೋರು ಇದನ್ನ ನೆನಪಲ್ಲಿಟ್ಟುಕೊಳ್ಳಬೇಕು.

ಈಗ ನಿಜವಾದ ಜಗಳಕ್ಕೆ ಬರೋಣ. ಜೊಕೊವಿಚ್-ನಡಾಲ್ ಕ್ವಾರ್ಟರ್‌ಫೈನಲ್. ಜೊಕೊವಿಚ್ ಒಂದು ಸೆಟ್ಟೂ ಬಿಡದೆ ಅಲ್ಲಿಗೆ ಬಂದಿದ್ರು. ನಡಾಲ್ ಹಿಂದಿನ ಸುತ್ತಿನಲ್ಲಿ ಫೆಲಿಕ್ಸ್ ಓಜೆ-ಅಲಿಯಾಸೀಮ್ ಎದುರು ಐದು ಸೆಟ್, ನಾಲ್ಕು ಗಂಟೆಗೂ ಮೇಲೆ ಒದ್ದಾಡಿ ಬಂದಿದ್ರು. ಆದರೆ ಅಭಿಮಾನಿಗಳು ಹೆಚ್ಚು ಕಿತ್ತಾಡಿದ್ದು ಪಂದ್ಯ ಹಗಲಲ್ಲಿ ನಡೆಯುತ್ತಾ, ರಾತ್ರಿ ನಡೆಯುತ್ತಾ ಅನ್ನೋದರ ಬಗ್ಗೆ. ಹಗಲು ಬೇಕು ಅಂದವರು ನಡಾಲ್. ರಾತ್ರಿ ಆಡಿದ್ರೆ ಒಳ್ಳೇದು ಅಂದುಕೊಂಡವರು ಜೊಕೊವಿಚ್. ಆಯೋಜಕರು ರಾತ್ರಿಗೇ ಇಟ್ರು, ಆಟ ಶುರುವಾಗಿದ್ದು ಅಲ್ಲಿನ 9ರ ಸುಮಾರಿಗೆ. ನಮ್ಮ ಗಡಿಯಾರದಲ್ಲಿ ಮಧ್ಯರಾತ್ರಿ ಹನ್ನೆರಡೂವರೆ.

ಇದರಲ್ಲಿ ಏನು ವ್ಯತ್ಯಾಸ ಅಂತೀರಾ? ತುಂಬಾ ಇದೆ. ನಡಾಲ್ ಫೋರ್‌ಹ್ಯಾಂಡ್‌ನಲ್ಲಿ ಚೆಂಡು ನಿಮಿಷಕ್ಕೆ ಸರಾಸರಿ 3200 ಸುತ್ತಿನ ವೇಗದಲ್ಲಿ ತಿರುಗುತ್ತಿತ್ತು ಅಂತ ಅಳೆದಿದ್ದಾರೆ. ಬಿಸಿಲಲ್ಲಿ, ಒಣಗಿದ ಮಣ್ಣಿನ ಮೇಲೆ ಆ ಚೆಂಡು ಬಿದ್ದ ಕೂಡಲೇ ಎದುರಾಳಿಯ ಭುಜದೆತ್ತರಕ್ಕೆ ಚಿಮ್ಮುತ್ತಿತ್ತು. ನಡಾಲ್ ಎಡಗೈ ಆಟಗಾರ ಆದ್ದರಿಂದ, ಅಂಕಣದ ಕರ್ಣದಲ್ಲಿ ಹೊಡೆದ ಆ ಚೆಂಡು ನೇರವಾಗಿ ಬಲಗೈ ಆಟಗಾರನ ಬ್ಯಾಕ್‌ಹ್ಯಾಂಡ್‌ಗೇ ಹೋಗುತ್ತಿತ್ತು. ಹದಿನೇಳು ವರ್ಷ ಪ್ಯಾರಿಸ್‌ನಲ್ಲಿ ಎದುರಾಳಿಗಳನ್ನ ಸುಸ್ತು ಮಾಡಿದ್ದು ಇದೇ ಹೊಡೆತ.

ರಾತ್ರಿ ತಣ್ಣಗಾದಾಗ ಚೆಂಡಿನ ರಬ್ಬರ್ ಪುಟಿಯೋದು ಕಮ್ಮಿ. ತಣ್ಣನೆ ಗಾಳಿ ದಟ್ಟ, ಚೆಂಡು ನಿಧಾನ. ತೇವದ ಮಣ್ಣು ಚೆಂಡಿನ ನೂಲಿಗೆ ಅಂಟಿಕೊಂಡು ತೂಕ ಏರುತ್ತೆ. ಸಂಜೆ ಇಬ್ಬನಿ ಬಿದ್ದ ಮೈದಾನದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿದವರಿಗೆ ಆ ಚೆಂಡು ಎಷ್ಟು ಭಾರ ಆಗುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಹಾಗಾದಾಗ ಭುಜದೆತ್ತರಕ್ಕೆ ಬರಬೇಕಿದ್ದ ಚೆಂಡು ಸೊಂಟದ ಹತ್ತಿರ ಸಿಗುತ್ತೆ. ಎರಡು ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಹೊಡೆಯೋ ಜೊಕೊವಿಚ್‌ಗೆ ಅದೇ ಹಬ್ಬ. ಗೆರೆಗುಂಟ ನೇರ ಬಾರಿಸಿ ಪಾಯಿಂಟ್ ತನ್ನ ಕೈಗೆ ತಗೊಳ್ತಾರೆ. 2021ರ ಸೆಮಿಫೈನಲ್‌ನಲ್ಲಿ ಆಗಿದ್ದೂ ಇದೇ. ಸಂಜೆ ಕವಿದಂತೆ ಆಟ ಜೊಕೊವಿಚ್ ಕಡೆ ವಾಲಿತು, ನಡಾಲ್ ನಾಲ್ಕು ಸೆಟ್‌ಗಳಲ್ಲಿ ಸೋತ್ರು.

ಹೀಗಾಗಿ ರಾತ್ರಿ ಪಂದ್ಯ ಅಂದ್ರೆ ಜೊಕೊವಿಚ್ ಗೆದ್ದ ಹಾಗೇ ಅನ್ನೋ ವಾದದ ವಿಜ್ಞಾನ ಸರಿಯಾಗೇ ಇತ್ತು. ಆದರೆ ಆ ವಾದ ಮಾಡಿದವರು 2020ನ್ನ ಮರೆತಿದ್ರು. ಕೋವಿಡ್ ಕಾರಣಕ್ಕೆ ಆ ವರ್ಷ ಟೂರ್ನಿ ನಡೆದಿದ್ದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಚಳಿ, ಭಾರದ ಹೊಸ ಚೆಂಡು, ಮುಚ್ಚಿದ ಚಾವಣಿ, ಎಲ್ಲವೂ ನಡಾಲ್‌ಗೆ ವಿರುದ್ಧ ಅಂದಿದ್ರು. ಫೈನಲ್ ಸ್ಕೋರ್ 6-0, 6-2, 7-5. ಗೆದ್ದಿದ್ದು ನಡಾಲ್, ಸೋತಿದ್ದು ಜೊಕೊವಿಚ್. ಚೆಂಡು ಎತ್ತರಕ್ಕೆ ಏಳದಿದ್ರೆ ನಡಾಲ್ ಕೈಕಟ್ಟಿ ಕೂರೋ ಆಟಗಾರ ಆಗಿರಲಿಲ್ಲ. ಮುಂದೆ ಬಂದು ಚಪ್ಪಟೆಯಾಗಿ, ಆಳವಾಗಿ ಹೊಡೆಯೋಕೆ ಶುರು ಮಾಡ್ತಿದ್ರು.

ಮೇ 31ರ ರಾತ್ರಿಯೂ ಹಾಗೇ ಶುರುವಾಯ್ತು. ಮೊದಲ ಸೆಟ್ 6-2 ನಡಾಲ್‌ಗೆ, ಎರಡನೆಯದರಲ್ಲೂ 3-0 ಮುಂದೆ. ಅಲ್ಲಿಂದ ಜೊಕೊವಿಚ್ ಎದ್ದು ಬಂದು ಎರಡನೇ ಸೆಟ್ 6-4ರಲ್ಲಿ ಕಿತ್ಕೊಂಡ್ರು. ಈಗ ನಡಾಲ್ ದಣೀತಾರೆ, ಕಾಲು ಕೈಕೊಡುತ್ತೆ ಅಂತ ಎಲ್ಲರೂ ಕಾದ್ರು. ಮೂರನೇ ಸೆಟ್ 6-2, ಮತ್ತೆ ನಡಾಲ್‌ಗೆ! ನಾಲ್ಕನೆಯದರಲ್ಲಿ ಜೊಕೊವಿಚ್ 5-2 ಮುಂದೆ. 5-3ರಲ್ಲಿ ಸರ್ವ್ ಅವರದೇ, ಎರಡು ಸೆಟ್ ಪಾಯಿಂಟ್ ಕೈಯಲ್ಲಿ. ಎರಡನ್ನೂ ನಡಾಲ್ ಅಳಿಸಿದ್ರು, ಸರ್ವ್ ಮುರಿದ್ರು, ಟೈಬ್ರೇಕ್‌ನಲ್ಲಿ 6-1 ಮುನ್ನಡೆ ತಗೊಂಡು 7-4ಕ್ಕೆ ಮುಗಿಸಿದ್ರು. ನಾಲ್ಕು ಗಂಟೆಗೂ ಮೇಲೆ ನಡೆದ ಆಟ, ಮುಗಿಯೋ ಹೊತ್ತಿಗೆ ಪ್ಯಾರಿಸ್‌ನಲ್ಲಿ ರಾತ್ರಿ ಒಂದು ಗಂಟೆ ದಾಟಿತ್ತು.

ಈ ಪಂದ್ಯವನ್ನ ಜೊಕೊವಿಚ್ ತಾವಾಗೇ ಕಳಕೊಂಡ್ರು ಅನ್ನೋರು ಇದಾರೆ. ನಾನು ಒಪ್ಪಲ್ಲ. ಆ ಎರಡು ಸೆಟ್ ಪಾಯಿಂಟ್ ನಡಾಲ್ ಗೆದ್ದಿದ್ದು. ರೋಮ್‌ನಲ್ಲಿ ಜೊಕೊವಿಚ್‌ಗೆ ಎದುರಾದ ಯಾರೂ ಆ ಮಟ್ಟದ ಪ್ರಶ್ನೆ ಕೇಳಿರಲಿಲ್ಲ. ಸೆಟ್ ಬಿಡದೆ ಬರೋದು ದೊಡ್ಡ ಮಾತು, ಹೌದು. ಆದರೆ ಅದು ಎದುರಾಳಿ ಯಾರು ಅನ್ನೋದರ ಮೇಲೂ ನಿಂತಿರುತ್ತೆ.

ವಯಸ್ಸಿನ ಮಾತು ಬಂದಾಗ ಒಂದು ವಿಷಯ ಹೇಳಲೇಬೇಕು. ಆ ಟೂರ್ನಿಯಲ್ಲಿ 36ಕ್ಕೆ ಕಾಲಿಟ್ಟ ನಡಾಲ್‌ರನ್ನ ಮುದುಕ ಅಂತಿದ್ದಾಗ, ನಮ್ಮ ಕೊಡಗಿನ ರೋಹನ್ ಬೋಪಣ್ಣ 42ರಲ್ಲಿ ಮಿಡಲ್‌ಕೂಪ್ ಜೊತೆ ಡಬಲ್ಸ್ ಸೆಮಿಫೈನಲ್ ಆಡ್ತಿದ್ರು. ಅದಕ್ಕೆ ಸಿಗಬೇಕಾದ ಮಾತು ನಮ್ಮಲ್ಲೂ ಸಿಗಲಿಲ್ಲ ಅನ್ನೋದು ನನಗೆ ಇವತ್ತಿಗೂ ಬೇಸರ.

ಮುಂದಿನದು ಬೇಗ ಹೇಳ್ತೀನಿ. ಸೆಮಿಫೈನಲ್‌ನಲ್ಲಿ ಮೂರು ಗಂಟೆಯಾದ್ರೂ ಎರಡು ಸೆಟ್ ಮುಗಿದಿರಲಿಲ್ಲ, ಜ್ವೆರೆವ್ ಕಾಲು ತಿರುಚಿ ಬಿದ್ದು ಹಿಂದೆ ಸರಿದ್ರು. ಆಟ ಅಲ್ಲಿಯವರೆಗೆ ಸಮಸಮವಾಗಿತ್ತು, ನಡಾಲ್ ಅಭಿಮಾನಿಗಳೂ ಇದನ್ನ ಒಪ್ಪಬೇಕು. ಫೈನಲ್‌ನಲ್ಲಿ ಎದುರಿಗೆ ಬಂದ ಕ್ಯಾಸ್ಪರ್ ರೂಡ್ ನಡಾಲ್‌ರ ಅಕಾಡೆಮಿಯಲ್ಲೇ ಅಭ್ಯಾಸ ಮಾಡಿದವರು. 6-3, 6-3, 6-0. ಹದಿನಾಲ್ಕನೇ ಪ್ರಶಸ್ತಿ.

ಹಾಗಾದ್ರೆ ಕಾಲಿನ ಬಗ್ಗೆ ಅನುಮಾನ ಪಟ್ಟವರು ಸುಳ್ಳಾದ್ರಾ? ಇಲ್ಲ. ಪಾದದ ನರಕ್ಕೆ ಚುಚ್ಚುಮದ್ದು ಹಾಕಿಸಿ, ಮರಗಟ್ಟಿಸಿಕೊಂಡು ಆಡಿದೆ ಅಂತ ಫೈನಲ್ ಆದಮೇಲೆ ನಡಾಲ್ ಅವರೇ ಹೇಳಿದ್ರು. ಹೀಗೆ ಮುಂದುವರಿಯೋಕೆ ಆಗಲ್ಲ ಅಂತಲೂ ಹೇಳಿದ್ರು. ಅಂದ್ರೆ ಕಾಲಿನ ವಿಷಯದಲ್ಲಿ ಅನುಮಾನ ಪಟ್ಟವರ ಅಂದಾಜು ಸರಿ, ಟೂರ್ನಿಯ ವಿಷಯದಲ್ಲಿ ತಪ್ಪು. ಹಾಗೆ ಗೆದ್ದಿದ್ದು ಸರಿಯಾ ಅಂತ ಆಗ ಕೆಲವರು ಕೇಳಿದ್ರು. ಹಾಗೆ ಮರಗಟ್ಟಿಸೋ ಚುಚ್ಚುಮದ್ದು ನಿಯಮದ ಒಳಗಿನದೇ. ಅದು ಹೊಡೆತಕ್ಕೆ ಬಲ ಕೊಡಲ್ಲ. ಕಾಲಿನ ಸ್ಪರ್ಶವೇ ಗೊತ್ತಾಗದೆ ಮಣ್ಣಿನ ಮೇಲೆ ಜಾರಿ ನಿಲ್ಲೋದು ಇನ್ನೂ ಕಷ್ಟ. ಆ ಗೆಲುವನ್ನ ನಾನು ಪೂರ್ತಿ ಗೆಲುವು ಅಂತಲೇ ಎಣಿಸ್ತೀನಿ. ಆ ಹಾದಿ ಎಳೆಯ ಆಟಗಾರರಿಗೆ ಮಾದರಿಯಾಗಬಾರದು ಅಂತಲೂ ಅಷ್ಟೇ ಗಟ್ಟಿಯಾಗಿ ಹೇಳ್ತೀನಿ.

ಜೊಕೊವಿಚ್ ಮುಂದಿನ ತಿಂಗಳೇ ವಿಂಬಲ್ಡನ್ ಗೆದ್ರು. ನಡಾಲ್ ಅಲ್ಲಿ ಸೆಮಿಫೈನಲ್ ತಲುಪಿ, ಹೊಟ್ಟೆಯ ಸ್ನಾಯು ಹರಿದು ಆಡದೇ ಹಿಂದೆ ಸರಿದ್ರು. ಜೊಕೊವಿಚ್ ಅಭಿಮಾನಿಗಳೇ, ನಿಮಗೊಂದು ಪ್ರಶ್ನೆ: ಅದೇ ಕ್ವಾರ್ಟರ್‌ಫೈನಲ್ ಮಧ್ಯಾಹ್ನ ಎರಡಕ್ಕೆ, ಬಿಸಿಲಲ್ಲಿ ನಡೆದಿದ್ರೆ ನಾಲ್ಕನೇ ಸೆಟ್‌ನಲ್ಲಿ 5-2 ಆಗ್ತಿತ್ತಾ? ಕೆಳಗೆ ಬರೀರಿ, ಕಾರಣ ಕೊಟ್ಟು ಬರೀರಿ.