ಕೂಸಿನ ಪಾಲನೆಯ ಲೆಕ್ಕ
(ಗ್ರಾಮೀಣ ದಂಪತಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಸುಗ್ಗಿಯ ಕೆಲಸದ ನಡುವೆಯೂ ಗಂಡ ಹೆಂಡಿರಿಬ್ಬರೂ ಜೊತೆಯಾಗಿ ಈ ಸಭೆಗೆ ಬಂದಿರುವಿರಿ. ಇಂತಹ ಸಭೆಗಳಿಗೆ ಹೆಂಗಸರು ಮಾತ್ರ ಬರುವುದು, ಗಂಡಸರು ಹೊರಗೆ ಕಟ್ಟೆಯ ಮೇಲೆ ಕುಳಿತು ಕಾಯುವುದು ವಾಡಿಕೆ. ಇಂದಿನ ವಿಷಯ ಹಣದ ಲೆಕ್ಕಕ್ಕೆ ಸಂಬಂಧಿಸಿದ್ದಾದುದರಿಂದ ಇಬ್ಬರೂ ಕೇಳುವುದು ಅವಶ್ಯ.

ಎತ್ತು ಕೊಳ್ಳುವಾಗ, ಬಾವಿ ತೋಡಿಸುವಾಗ, ಬೀಜ ಗೊಬ್ಬರ ತರುವಾಗ ನೀವು ಪೈಸೆ ಪೈಸೆಗೂ ಲೆಕ್ಕ ಹಾಕುವಿರಿ. ಮಗುವಿನ ವಿಷಯದಲ್ಲಿ ಮಾತ್ರ "ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ" ಎಂದು ಸುಮ್ಮನಾಗುವಿರಿ. ಯಾದಗಿರಿ ಕಡೆಯ ಒಂದು ಹಳ್ಳಿಯಲ್ಲಿ ನಾನು ಈ ಮಾತನ್ನು ಎತ್ತಿದಾಗ ಒಬ್ಬ ರೈತರು, "ಅಕ್ಕಾರೆ, ಕೂಸು ನೋಡಿಕೊಳ್ಳಲು ಖರ್ಚೇನಿದೆ? ಅವಳು ಮನೆಯಲ್ಲೇ ಇರುತ್ತಾಳಲ್ಲ" ಎಂದರು. ನಾನು ಅವರ ಹೆಂಡತಿಯತ್ತ ತಿರುಗಿ, "ಕಳೆದ ತಿಂಗಳು ಎಷ್ಟು ದಿನ ಕೂಲಿ ತಪ್ಪಿಸಿಕೊಂಡೆ ತಾಯಿ?" ಎಂದು ಕೇಳಿದೆ. ಆಕೆ ಬೆರಳು ಮಡಿಸಿ ಎಣಿಸಿ, "ಹತ್ತು ದಿನ" ಎಂದಳು. ಮಗುವಿಗೆ ಭೇದಿಯಾದಾಗ ನಾಲ್ಕು ದಿನ, ಅತ್ತೆ ಊರಿಗೆ ಹೋಗಿದ್ದಾಗ ಆರು ದಿನ. ಕೂಲಿ ದಿನಕ್ಕೆ 400 ರೂಪಾಯಿ ಎಂದು ಭಾವಿಸೋಣ. ಆ ತಿಂಗಳು ಆ ಮನೆಗೆ ಬರಬೇಕಾಗಿದ್ದ 4,000 ರೂಪಾಯಿ ಬರಲಿಲ್ಲ. ಜೇಬಿನಿಂದ ಹೋದ ಹಣ ಕಣ್ಣಿಗೆ ಕಾಣುತ್ತದೆ. ಜೇಬಿಗೆ ಬಾರದೆ ಹೋದ ಹಣ ಕಾಣುವುದಿಲ್ಲ. ಆ ರೈತರು ಮತ್ತೆ ಮಾತನಾಡಲಿಲ್ಲ, ಆದರೆ ಸಭೆ ಮುಗಿಯುವವರೆಗೂ ಎದ್ದು ಹೋಗಲೂ ಇಲ್ಲ.

ಮೊದಲು ಹೆರಿಗೆಯ ಮಾತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ, ಶಸ್ತ್ರಚಿಕಿತ್ಸೆಯಾದರೂ ಸರಿಯೇ, ನೀವು ಹಣ ಕೊಡಬೇಕಾಗಿಲ್ಲ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಔಷಧಿ, ಪರೀಕ್ಷೆ, ಅಗತ್ಯವಿದ್ದರೆ ರಕ್ತ, ಆಸ್ಪತ್ರೆಯಲ್ಲಿರುವಷ್ಟು ದಿನ ಊಟ, ಹೋಗಿ ಬರುವ ವಾಹನ ಇವೆಲ್ಲವೂ ಉಚಿತ. ಕಾಯಿಲೆಯಾದ ನವಜಾತ ಶಿಶುವಿನ ಚಿಕಿತ್ಸೆಯೂ ಇದರಲ್ಲಿ ಸೇರಿದೆ. ಹೆರಿಗೆಗೆಂದು ಬಡ್ಡಿಗೆ ಸಾಲ ಎತ್ತುವ ಮುನ್ನ ಇದನ್ನು ನೆನಪಿಗೆ ತಂದುಕೊಳ್ಳಿರಿ.

ಹುಟ್ಟಿದ ಮಗುವಿಗೆ ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲಿಗಿಂತ ಮಿಗಿಲಾದ ಆಹಾರವಿಲ್ಲ. ನೀರನ್ನು ಸಹ ಕುಡಿಸಬೇಕಾಗಿಲ್ಲ. ಡಬ್ಬಿಯ ಹಾಲಿನ ಪುಡಿಗೆ ನೂರಾರು ರೂಪಾಯಿ ತೆತ್ತು, ಅದನ್ನು ಸ್ವಚ್ಛವಲ್ಲದ ನೀರಿನಲ್ಲಿ ಕದಡಿ, ಸರಿಯಾಗಿ ತೊಳೆಯದ ಬಾಟಲಿಯಲ್ಲಿ ಕುಡಿಸಿ, ಅನಂತರ ಭೇದಿಗೆ ಔಷಧಿಯ ಖರ್ಚು ಮಾಡುವುದಕ್ಕಿಂತ ದೊಡ್ಡ ನಷ್ಟದ ವ್ಯವಹಾರವನ್ನು ನಾನು ಕಂಡಿಲ್ಲ. ಆದರೆ ತಾಯಿಯ ಹಾಲು ಬಿಟ್ಟಿಯಾಗಿ ಬರುತ್ತದೆಂದು ಗಂಡಸರು ತಿಳಿಯಬಾರದು. ಹಗಲು ರಾತ್ರಿಯೆನ್ನದೆ ದಿನಕ್ಕೆ ಎಂಟು ಹತ್ತು ಬಾರಿ ಹಾಲೂಡಿಸುವ ಹೆಂಗಸು ಮೂರು ಮೈಲಿ ದೂರದ ಹೊಲದಲ್ಲಿ ಇಡೀ ದಿನ ಕಳೆ ಕೀಳಲಾರಳು. ಆಕೆಗೆ ಹೊಟ್ಟೆ ತುಂಬ ಊಟ ಬೇಕು, ವಿಶ್ರಾಂತಿ ಬೇಕು.

ಈ ಅವಧಿಯಲ್ಲಿ ತಪ್ಪಿಹೋಗುವ ಕೂಲಿಗೆ ಭಾಗಶಃ ಪರಿಹಾರವೆಂದೇ ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯನ್ನು 2017ರಲ್ಲಿ ತರಲಾಯಿತು. ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಮುಂತಾಗಿ ಗೊತ್ತುಪಡಿಸಿದ ವರ್ಗಗಳಿಗೆ ಸೇರಿದ ತಾಯಂದಿರಿಗೆ ಮೊದಲನೆಯ ಮಗುವಿಗೆ 5,000 ರೂಪಾಯಿ ಎರಡು ಕಂತುಗಳಲ್ಲಿ ಸಲ್ಲುತ್ತದೆ. ಬಸಿರನ್ನು ನೋಂದಾಯಿಸಿ, ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡ ಮೇಲೆ 3,000. ಮಗುವಿನ ಜನನ ನೋಂದಣಿಯಾಗಿ ಮೊದಲ ಸುತ್ತಿನ ಲಸಿಕೆಗಳು ಮುಗಿದ ಮೇಲೆ 2,000. 2022ರ ಏಪ್ರಿಲ್ 1ರ ಅನಂತರ ಎರಡನೆಯ ಮಗು ಹೆಣ್ಣಾಗಿ ಹುಟ್ಟಿದ್ದರೆ 6,000 ರೂಪಾಯಿ ಒಂದೇ ಕಂತಿನಲ್ಲಿ ದೊರೆಯುತ್ತದೆ. ಈ ಹಣ ತಾಯಿಯ ಆಧಾರ್ ಜೋಡಣೆಯಾಗಿರುವ ಖಾತೆಗೇ ಹೋಗುತ್ತದೆ. ಹಲವು ಬ್ಯಾಂಕುಗಳಲ್ಲಿ ಖಾತೆಯುಳ್ಳವರು ಕೊನೆಯದಾಗಿ ಯಾವ ಖಾತೆಗೆ ಜೋಡಿಸಿದ್ದರೋ ಅದನ್ನು ನೋಡಬೇಕು. "ಹಣ ಬರಲೇ ಇಲ್ಲ" ಎಂದು ವರ್ಷಗಟ್ಟಲೆ ಕೊರಗಿದ ತಾಯಿಯೊಬ್ಬಳ ಹಣ, ಆಕೆ ಮರೆತೇಬಿಟ್ಟಿದ್ದ ತವರೂರಿನ ಖಾತೆಯಲ್ಲಿ ಕುಳಿತಿತ್ತು.

ಇನ್ನು ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಪ್ರಯೋಗಾರ್ಥವಾಗಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ನಮ್ಮ ರಾಜ್ಯದಲ್ಲಿ ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಆರು ತಿಂಗಳಿನಿಂದ ಆರು ವರ್ಷದವರೆಗಿನ ಮಗುವಿಗೆ, ಬಸುರಿಗೆ ಮತ್ತು ಬಾಣಂತಿಗೆ ಅಂಗನವಾಡಿಯ ಆಹಾರವನ್ನು ಹಕ್ಕನ್ನಾಗಿ ಮಾಡಿತು. ಅದು ಯಾರೋ ಕೊಡುವ ಭಿಕ್ಷೆಯಲ್ಲ. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂದ ಮಾತೃಪೂರ್ಣ ಯೋಜನೆ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನದ ಬಿಸಿಯೂಟ ಬಡಿಸುವ ಏರ್ಪಾಡು. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದುದನ್ನು ಉಣ್ಣುವ ಸೊಸೆಗೆ ಒಂದು ಹೊತ್ತಾದರೂ ತನ್ನ ಪಾಲಿನದನ್ನು ತಾನೇ ಉಣ್ಣುವ ಅವಕಾಶ ಇದರಿಂದಾಯಿತು. ಅತ್ತೆಯಂದಿರು ಇದಕ್ಕೆ ಅಡ್ಡ ಬರಬಾರದು.

2017ರಲ್ಲಿ ನಿಗದಿಯಾದ ದರದಂತೆ ಒಂದು ಮಗುವಿನ ಪೌಷ್ಟಿಕ ಆಹಾರಕ್ಕೆ ದಿನಕ್ಕೆ 8 ರೂಪಾಯಿ, ವರ್ಷಕ್ಕೆ 300 ದಿನ. ಎಂಟು ರೂಪಾಯಿ ಎಂದರೆ ನಗು ಬರಬಹುದು. ಸಂತೆಯಲ್ಲಿ ಒಂದು ಚಹಾಕ್ಕೆ ಸಾಲದು. ಆದರೆ ಗುಣಿಸಿ ನೋಡಿದರೆ ವರ್ಷಕ್ಕೆ 2,400 ಆಯಿತು. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ 4,800. ನೀವು ಹೋಗದಿದ್ದರೆ ಕಳೆದುಕೊಳ್ಳುವುದು ಅಷ್ಟು.

ಈಗ ಅತಿ ಕಠಿಣವಾದ ಘಟ್ಟಕ್ಕೆ ಬರೋಣ. ಮೂರು ವರ್ಷ ತುಂಬಿದ ಮಗು ಅಂಗನವಾಡಿಯಲ್ಲಿ ಹಗಲಿನ ಹಲವು ಗಂಟೆ ಕುಳಿತು ಆಡುತ್ತದೆ, ಉಣ್ಣುತ್ತದೆ, ಕಲಿಯುತ್ತದೆ. ಆದರೆ ಆರು ತಿಂಗಳಿಗೂ ಮೂರು ವರ್ಷಕ್ಕೂ ನಡುವಿನ ಕೂಸಿಗೆ ಸಾಮಾನ್ಯವಾಗಿ ಆಹಾರವನ್ನು ಮನೆಗೆ ಕೊಟ್ಟು ಕಳುಹಿಸುತ್ತಾರೆ, ಕೂಸನ್ನು ಇಟ್ಟುಕೊಳ್ಳುವುದಿಲ್ಲ. ಹಾಗಾದರೆ ತಾಯಿ ಕೂಲಿಗೆ ಹೋದಾಗ ಆ ಕೂಸನ್ನು ಯಾರು ನೋಡಿಕೊಳ್ಳಬೇಕು?

ಒಂದು ಶಾಲೆಯ ಜಗಲಿಯ ಮೇಲೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ವರ್ಷದ ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡು ಕಿಟಕಿಯಿಂದ ಒಳಗೆ ನೋಡುತ್ತ ನಿಂತಿದ್ದಳು. ಒಳಗೆ ಅವಳದೇ ತರಗತಿ. ಮಗ್ಗಿ ಹೇಳುವ ಸದ್ದು ಬಂದಾಗ ಇವಳ ತುಟಿಯೂ ಅಲುಗಾಡುತ್ತಿತ್ತು. ತಮ್ಮ ಅತ್ತೊಡನೆ ಅವನನ್ನು ಕುಲುಕಿಕೊಂಡು ಬೇವಿನ ಮರದ ಕಡೆಗೆ ನಡೆದಳು. ನಮ್ಮ ಲೆಕ್ಕದಲ್ಲಿ ಈ ಹುಡುಗಿಯನ್ನು ಯಾವ ಅಂಕಣದಲ್ಲಿ ಬರೆಯೋಣ? ಕೂಸಿನ ಪಾಲನೆಯ ವೆಚ್ಚವನ್ನು ಆ ಮನೆಯಲ್ಲಿ ತೆರುತ್ತಿದ್ದವಳು ಅವಳು, ಅದೂ ತನ್ನ ಓದಿನಿಂದ.

ಈ ಕೊರತೆಯನ್ನು ನೀಗಲು ನಮ್ಮ ರಾಜ್ಯವು 2023-24ರ ಆಯವ್ಯಯದಲ್ಲಿ ಪ್ರಕಟಿಸಿ, 4,000 ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆಯಲು ಕೈಹಾಕಿತು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಚಿಕ್ಕ ಕೂಸುಗಳನ್ನು ಊರಿನವರೇ ಆದ, ತರಬೇತಿ ಪಡೆದ ಹೆಂಗಸರು ನೋಡಿಕೊಳ್ಳಬೇಕೆಂಬುದು ಅದರ ಉದ್ದೇಶ. ನಿಮ್ಮ ಪಂಚಾಯಿತಿಯಲ್ಲಿ ಅದು ಉಂಟೇ, ಬಾಗಿಲು ತೆರೆದಿದೆಯೇ, ಯಾರ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ ಎಂದು ಗ್ರಾಮಸಭೆಯಲ್ಲಿ ಕೇಳಿರಿ. ಚರಂಡಿ, ಬೀದಿದೀಪಗಳ ಬಗ್ಗೆ ಗಟ್ಟಿಯಾಗಿ ಕೇಳುವ ಗಂಡಸರು ಇದನ್ನೂ ಅಷ್ಟೇ ಗಟ್ಟಿಯಾಗಿ ಕೇಳಲಿ.

ಭಾಷೆಯ ಮಾತೊಂದು ಉಳಿದಿದೆ. ನಮ್ಮದು ಹಲವು ಭಾಷೆಗಳ ದೇಶ. ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲೇ 22 ಭಾಷೆಗಳಿವೆ. 2011ರ ಜನಗಣತಿಯಂತೆ ನಮ್ಮ ರಾಜ್ಯದಲ್ಲೂ ಕನ್ನಡವನ್ನು ಮನೆಮಾತೆಂದು ಬರೆಸಿದವರು ಸುಮಾರು ಮೂರರಲ್ಲಿ ಎರಡು ಪಾಲು. ಉಳಿದವರ ಮನೆಗಳಲ್ಲಿ ಉರ್ದು, ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ, ಲಂಬಾಣಿ ಮುಂತಾದ ನುಡಿಗಳಿವೆ. ತಾಂಡಾದ ಒಬ್ಬ ತಾಯಿ ತನಗೆ ಬಂದ ಅರ್ಜಿಯ ಕಾಗದವನ್ನು ಸಾಲದ ನೋಟೀಸೆಂದು ಹೆದರಿ ಗುಡಿಸಲಿನ ಸೂರಿನಲ್ಲಿ ಸಿಕ್ಕಿಸಿಟ್ಟಿದ್ದಳು. ಓದಿ ಹೇಳುವವರಿರಲಿಲ್ಲ, ಕೇಳಲು ನಾಚಿಕೆ. ಅವಳ ಎರಡನೆಯ ಕಂತು ಆ ಸೂರಿನಲ್ಲೇ ಉಳಿಯಿತು. ಕಾಗದ ತಿಳಿಯದಿದ್ದರೆ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಟೀಚರನ್ನೋ ಕೇಳಿರಿ. ಅವರು ಹೇಳಿದುದೂ ತಿಳಿಯದಿದ್ದರೆ ನಿಮ್ಮ ನುಡಿಯನ್ನೂ ಕನ್ನಡವನ್ನೂ ಬಲ್ಲ ನೆರೆಯವರನ್ನು ಜೊತೆಗೆ ಕರೆದೊಯ್ಯಿರಿ. ಅರ್ಥವಾಗದೆ ಹೆಬ್ಬೆಟ್ಟು ಒತ್ತಬೇಡಿರಿ.

ಇದೇ ತೊಡಕು ನಮ್ಮ ಕನ್ನಡದ ತಾಯಂದಿರಿಗೂ ಎದುರಾಗುತ್ತದೆ. ಕಲಬುರಗಿ, ಯಾದಗಿರಿ, ರಾಯಚೂರು ಕಡೆಗಳಿಂದ ಮುಂಬಯಿ, ಪುಣೆ, ಗೋವಾ, ಹೈದರಾಬಾದುಗಳಿಗೆ ಗುಳೆ ಹೋಗುವವರು ಕೂಸನ್ನು ಕಟ್ಟಿಕೊಂಡೇ ಹೋಗುತ್ತಾರೆ. ಅಲ್ಲಿನ ಅಂಗನವಾಡಿಯ ಬಾಗಿಲಲ್ಲಿ ಮಾತು ಬಾರದೆ ಹಿಂದಿರುಗುತ್ತಾರೆ. ಅಲ್ಲಿಯೂ ನಿಮ್ಮ ಮಗುವಿಗೆ ಆಹಾರದ ಹಕ್ಕುಂಟು, ಲಸಿಕೆಯ ಹಕ್ಕುಂಟು. ಅಂಗನವಾಡಿಗಳಲ್ಲಿ ಈಗ ಬಳಕೆಯಲ್ಲಿರುವ ಪೋಷಣ್ ಟ್ರ್ಯಾಕರ್‌ನಲ್ಲಿ ಮಗುವಿನ ಹೆಸರನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ವರ್ಗಾಯಿಸಲು ಅವಕಾಶವಿದೆ. ಹೊರಡುವ ಮುನ್ನ ಇಲ್ಲಿನ ಟೀಚರಿಗೆ ತಿಳಿಸಿ ಹೊರಡಿರಿ. ತಾಯಿ ಕಾರ್ಡನ್ನು ಒಯ್ಯಲು ಮರೆಯಬೇಡಿರಿ. ಅದರಲ್ಲಿ ಲಸಿಕೆಯ ದಿನಾಂಕವನ್ನು ಅಂಕಿಗಳಲ್ಲೂ, ಲಸಿಕೆಯ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೂ ಬರೆದುಕೊಡುವಂತೆ ಆರೋಗ್ಯ ಸಹಾಯಕಿಯನ್ನು ಕೇಳಿಕೊಳ್ಳಿರಿ. ಕನ್ನಡ ಬಾರದ ದಾದಿಯೂ ಆಗ ಅದನ್ನು ಓದಿ ಮುಂದಿನ ಸೂಜಿ ಹಾಕಬಲ್ಲಳು.

ಕೊನೆಯದಾಗಿ, ಈ ಲೆಕ್ಕಕ್ಕೆ ಮಕ್ಕಳ ನಡುವಣ ಅಂತರವನ್ನೂ ಸೇರಿಸಿಕೊಳ್ಳಿರಿ. ಮೊದಲ ಕೂಸು ನಡೆಯಲು ಕಲಿಯುವಷ್ಟರಲ್ಲಿ ಎರಡನೆಯದು ತೊಟ್ಟಿಲಿಗೆ ಬಂದರೆ, ನಾನು ಹೇಳಿದ ಕಠಿಣ ಘಟ್ಟದಲ್ಲಿ ಒಂದೇ ಕಾಲಕ್ಕೆ ಇಬ್ಬರಿರುತ್ತಾರೆ. ಹತ್ತು ದಿನದ ಕೂಲಿಯ ಬದಲು ಇಡೀ ತಿಂಗಳ ಕೂಲಿ ಹೋಗುತ್ತದೆ. ತಾಯಿಯ ಮೈಯಲ್ಲಿ ರಕ್ತ ಕೂಡುವುದಿಲ್ಲ. ಮೂರು ವರ್ಷದ ಅಂತರವಿದ್ದರೆ ದೊಡ್ಡದು ಅಂಗನವಾಡಿಗೆ ಹೋಗುವ ಹೊತ್ತಿಗೆ ಚಿಕ್ಕದು ಹುಟ್ಟುತ್ತದೆ. ಇದಕ್ಕೆ ಬೇಕಾದ ವಂಕಿ, ಮಾತ್ರೆ, ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಚುಚ್ಚುಮದ್ದು, ನಿರೋಧ್ ಎಲ್ಲವೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಯಾವುದು ಸೂಕ್ತವೆಂಬುದನ್ನು ಇಬ್ಬರೂ ಕೂಡಿ ವೈದ್ಯಾಧಿಕಾರಿಗಳೊಡನೆ ಮಾತನಾಡಿ ತೀರ್ಮಾನಿಸಿರಿ.

ಆರೋಗ್ಯ ಸಹಾಯಕಿಯವರು ಆ ಮೇಜಿನ ಬಳಿ ಕುಳಿತಿದ್ದಾರೆ. ತಾಯಿ ಕಾರ್ಡು, ಬ್ಯಾಂಕಿನ ಪುಸ್ತಕ ತಂದಿರುವವರು ಒಬ್ಬೊಬ್ಬರಾಗಿ ಹೋಗಿ ತೋರಿಸಿರಿ. ತಾರದಿರುವವರು ಗುರುವಾರ ಲಸಿಕೆಯ ದಿನ ತನ್ನಿರಿ. ಕೂಸುಗಳನ್ನು ಎತ್ತಿಕೊಂಡಿರುವ ಹೆಂಗಸರು ಮೊದಲು ಹೋಗಲಿ. ಅಥವಾ ಕೂಸನ್ನು ಸ್ವಲ್ಪ ಹೊತ್ತು ಗಂಡನ ಕೈಗೆ ಕೊಟ್ಟು ಹೋಗಲಿ.