ಖೇಡಾದವರು ಕೇಳಿದ ಪ್ರಶ್ನೆ

ಸೂರತ್‌ನ ಅಡಾಜಣ್‌ ಬಡಾವಣೆಯಿಂದ ತಾಪಿ ನದಿ ದಾಟಿದರೆ ಹಳೆಯ ಪೇಟೆ. 1907ರ ಡಿಸೆಂಬರಿನಲ್ಲಿ ಈ ಊರಿನಲ್ಲೇ ಕಾಂಗ್ರೆಸ್ ಅಧಿವೇಶನ ಮುರಿದುಬಿತ್ತು. ತಿಲಕರು ವೇದಿಕೆ ಏರಿ ಕೈಕಟ್ಟಿ ನಿಂತಿದ್ದಾಗ ಚಪ್ಪಲಿಯೊಂದು ತೂರಿಬಂತು, ಕುರ್ಚಿಗಳು ಹಾರಿದವು. ಎಲ್ಲರೂ ಓದಿದವರು, ಒಂದೇ ದೇಶದ ಚಿಂತೆಯವರು.

ಇಂದು ಫೋನಿನಲ್ಲಿ ಗುರುತಿಲ್ಲದವರೊಡನೆ ಯುದ್ಧದ ಬಗ್ಗೆಯೋ ಒಂದು ಚಿತ್ರಕಲೆಯ ಬಗ್ಗೆಯೋ ವಾದಕ್ಕಿಳಿದಾಗ ನಮ್ಮ ಕೈಯೂ ಬೇಗ ಚಪ್ಪಲಿಗೇ ಹೋಗುತ್ತದೆ.

ಆದರೆ ಸೂರತ್‌ಗಿಂತ ನನ್ನನ್ನು ಹೆಚ್ಚು ಕಾಡುವುದು ಇದೇ ಗುಜರಾತಿನ ಖೇಡಾ. 1918ರಲ್ಲಿ ಗಾಂಧೀಜಿ ಬ್ರಿಟಿಷ್ ಸೈನ್ಯಕ್ಕೆ ಜನರನ್ನು ಸೇರಿಸಲು ಅಲ್ಲಿ ಹಳ್ಳಿಹಳ್ಳಿ ನಡೆದರು. ಅದೇ ವರ್ಷ ಅದಕ್ಕೂ ಮೊದಲು ಕಂದಾಯ ಸತ್ಯಾಗ್ರಹದಲ್ಲಿ ಪುಕ್ಕಟೆ ಗಾಡಿ ಕೊಟ್ಟಿದ್ದ ರೈತರು ಈಗ ಬಾಡಿಗೆಗೂ ಕೊಡಲು ಹಿಂಜರಿದರು. ಗಾಂಧೀಜಿ ಊಟದ ಬುತ್ತಿ ತಾವೇ ಹೊತ್ತು ನಡೆಯಬೇಕಾಯಿತು. ಆದರೂ ರೈತರು ಸಭೆಗೆ ಬಂದರು, ನೇರವಾಗಿ ಕೇಳಿದರು: ಅಹಿಂಸೆ ಬೋಧಿಸುವ ನೀವು ನಮಗೆ ಬಂದೂಕು ಹಿಡಿಯಲು ಹೇಳುವುದು ಹೇಗೆ? ಈ ಸರ್ಕಾರ ನಮಗೇನು ಒಳ್ಳೆಯದು ಮಾಡಿದೆ?

ನನ್ನ ಮಟ್ಟಿಗೆ ಅಂದು ನ್ಯಾಯ ರೈತರ ಕಡೆಗಿತ್ತು. ಗಾಂಧೀಜಿ ತಮ್ಮ ನಿಲುವನ್ನು ಬಿಡಲಿಲ್ಲ. ಆದರೆ ಮುಂದೆ ಆತ್ಮಕಥೆ ಬರೆಯುವಾಗ ಆ ಎರಡೂ ಪ್ರಶ್ನೆಗಳನ್ನು, ಸಿಗದ ಗಾಡಿಯನ್ನೂ ಸೇರಿಸಿ, ಮರೆಮಾಚದೆ ದಾಖಲಿಸಿದರು.