ದೂರವಿದ್ದು ಕೂಡಿ ದುಡಿಯುವ ಬಗೆ



ವಿಜಯಪುರದ ಗೋಲಗುಮ್ಮಟವನ್ನು ನಿಮ್ಮಲ್ಲಿ ಹಲವರು ಶಾಲೆಯ ಪ್ರವಾಸದಲ್ಲಿ ನೋಡಿರುತ್ತೀರಿ. ಮೊಹಮ್ಮದ್ ಆದಿಲ್ ಶಾಹನ ಈ ಸಮಾಧಿ 1656ರ ಸುಮಾರಿಗೆ ಪೂರ್ಣಗೊಂಡದ್ದು. ಗುಮ್ಮಟದ ಒಳಸುತ್ತಿನಲ್ಲಿ ಒಬ್ಬರು ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ, ಸುಮಾರು 38 ಮೀಟರ್ ಆಚೆ ಎದುರು ಗೋಡೆಗೆ ಕಿವಿಗೊಟ್ಟವರಿಗೆ ಆ ಮಾತು ಕೇಳಿಸುತ್ತದೆ. ಬಾಗಿದ ಗೋಡೆಯ ಗುಂಟ ಧ್ವನಿ ಸಾಗಿ ಹೋಗುವುದೇ ಇದಕ್ಕೆ ಕಾರಣ. ಆದರೆ ನೀವು ಹೋದ ದಿನ ಏನಾಗಿತ್ತು, ನೆನಪು ಮಾಡಿಕೊಳ್ಳಿ. ಒಬ್ಬ ಕೂಗಿದ, ಇನ್ನೊಬ್ಬ ಚಪ್ಪಾಳೆ ತಟ್ಟಿದ, ಮತ್ತೊಬ್ಬಳು ಗೆಳತಿಯ ಹೆಸರು ಕರೆದಳು. ಎಲ್ಲ ಧ್ವನಿಗಳೂ ಎಲ್ಲರಿಗೂ ಕೇಳಿಸಿದವು. ಯಾರ ಮಾತೂ ಯಾರಿಗೂ ತಿಳಿಯಲಿಲ್ಲ.

ಅದೇ ಊರಿನಲ್ಲಿ ಇನ್ನೊಂದು ಜಾಗವಿದೆ. ಪ್ರವಾಸಿಗರು ಅದನ್ನು ನೋಡಲು ಬರುವುದಿಲ್ಲ. ಅದು ಇಬ್ರಾಹಿಂಪುರ. ಹೋಟಗಿ–ಗದಗ ರೈಲು ಮಾರ್ಗ ಈ ಭಾಗವನ್ನು ಹಾದು ಹೋಗುತ್ತದೆ. ರೈಲ್ವೆ ಗೇಟು ಎಂದರೇನು ಎಂದು ಇಲ್ಲಿಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೇಟಿನ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಮಾತ್ರ ನಮ್ಮಲ್ಲಿ ಬಹಳ ಮಂದಿ ವಿಚಾರಿಸಿರುವುದಿಲ್ಲ.

ಸಿಗ್ನಲ್ಲಿಗೆ ಜೋಡಣೆಯಾಗಿರದ ಗೇಟುಗಳ ಕ್ರಮ ಹೀಗೆ. ನಿಲ್ದಾಣದಲ್ಲಿರುವ ಸ್ಟೇಷನ್ ಮಾಸ್ತರರು ಗೇಟಿನವನಿಗೆ ದೂರವಾಣಿಯಲ್ಲಿ ಗಾಡಿ ಬರುವ ಸುದ್ದಿ ಹೇಳುತ್ತಾರೆ. ಗೇಟಿನವನು ಗೇಟು ಮುಚ್ಚಿ ಬೀಗ ಹಾಕುತ್ತಾನೆ. ಅನಂತರ ಬರಿಯ "ಹೂಂ ರೀ" ಎಂದರೆ ಸಾಲದು. ಅವನ ಬಳಿ ಅಂಕಿಗಳ ಒಂದು ಹಾಳೆ ಇರುತ್ತದೆ. ಅದರಲ್ಲಿ ಮುಂದಿನ ಅಂಕಿಯನ್ನು ನೋಡಿ, "ಗೇಟ್ ಹಾಕೇನ್ರಿ ಸಾಹೇಬ್ರ, ನಂಬರ್ ನಲವತ್ತೇಳು" ಎಂದು ಹೇಳಬೇಕು. ಮಾಸ್ತರರು ಆ ಅಂಕಿಯನ್ನು ಬರೆದುಕೊಂಡ ಮೇಲೆಯೇ ಗಾಡಿಗೆ ದಾರಿ ಬಿಡುತ್ತಾರೆ. ಇದಕ್ಕೆ ರೈಲ್ವೆಯವರು ಪ್ರೈವೇಟ್ ನಂಬರ್ ಎನ್ನುತ್ತಾರೆ. ನಿದ್ದೆಗಣ್ಣಿನಲ್ಲಿ ಅಥವಾ ಅಭ್ಯಾಸಬಲದಿಂದ ಯಾರಾದರೂ ಹೂಂ ಎನ್ನಬಹುದು. ಆದರೆ ಹಾಳೆಯನ್ನು ನೋಡದೆ ಸರಿಯಾದ ಅಂಕಿ ಹೇಳುವುದು ಸಾಧ್ಯವಿಲ್ಲ.

ಒಂಟಿ ಹಳಿಯ ಮಾರ್ಗಗಳಲ್ಲಿ ಇನ್ನೊಂದು ಏರ್ಪಾಡು ಬಹುಕಾಲ ಬಳಕೆಯಲ್ಲಿತ್ತು. ಎರಡು ನಿಲ್ದಾಣಗಳ ನಡುವೆ ಗಾಡಿ ಓಡಿಸಲು ಚಾಲಕನ ಕೈಯಲ್ಲಿ ಟೋಕನ್ ಎಂಬ ಲೋಹದ ಗುಂಡು ಇರಬೇಕಾಗಿತ್ತು. ಎರಡೂ ಕಡೆಯ ಮಾಸ್ತರರು ಒಪ್ಪಿ ತಂತಿಯ ಮೂಲಕ ಸಹಕರಿಸಿದರೆ ಮಾತ್ರ ಯಂತ್ರದಿಂದ ಅದು ಹೊರಬರುತ್ತಿತ್ತು. ಒಂದು ಹೊರಗಿದ್ದಾಗ ಎರಡನೆಯದು ಬರುತ್ತಿರಲಿಲ್ಲ. ಹೀಗಾಗಿ ಒಂದೇ ಹಳಿಯ ಮೇಲೆ ಎದುರುಬದಿರು ಎರಡು ಗಾಡಿ ಹೊರಡುವ ಭಯ ತಪ್ಪಿತು.

ಈ ಕೆಲಸ ಮಾಡುವವರು ಒಬ್ಬರ ಮುಖ ಒಬ್ಬರು ನೋಡದೆ ದಿನಗಟ್ಟಲೆ ಕಳೆಯುತ್ತಾರೆ. ಅವರ ನಡುವೆ ಓಡಾಡುವುದು ನಾಲ್ಕಾರು ಮಾತು, ಅಷ್ಟೇ. ಆದರೂ ಸಾವಿರಾರು ಜನರ ಜೀವ ಆ ಮಾತುಗಳ ಮೇಲೆ ನಿಂತಿರುತ್ತದೆ. ಗುಮ್ಮಟದಲ್ಲಿ ಮಾತು ದೂರ ಹೋಗುತ್ತದೆ. ಗೇಟಿನಲ್ಲಿ ಕೆಲಸ ನಡೆಯುತ್ತದೆ. ದೂರಕ್ಕೆ ಕೇಳಿಸುವುದು ಬೇರೆ, ದೂರವಿದ್ದು ಕೂಡಿ ಕೆಲಸ ಮಾಡುವುದು ಬೇರೆ. ಇಂದು ನಾನು ಹೇಳಬೇಕೆಂದಿರುವುದು ಇದನ್ನೇ.

ಇಂದು ನಿಮ್ಮ ಕೈಯಲ್ಲಿ ಗಣಕವಿದೆ, ಮೊಬೈಲ್ ಇದೆ. ಇಮೇಲ್, ವಾಟ್ಸಾಪ್ ಗುಂಪು, ವಿಡಿಯೊ ಸಭೆ, ಹಲವರು ಒಟ್ಟಿಗೆ ತಿದ್ದಬಹುದಾದ ಕಡತ, ಇವೆಲ್ಲ ಇವೆ. ದೂರದ ತಂಡಗಳು ಹೀಗೆ ಕೂಡಿ ಕೆಲಸ ಮಾಡುವುದು ನಮ್ಮ ನಾಡಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಸಂಸ್ಥೆ ಬೆಂಗಳೂರಿನಲ್ಲಿ ಚಿಪ್ ವಿನ್ಯಾಸದ ಕೇಂದ್ರ ತೆರೆದು, ತನ್ನದೇ ಉಪಗ್ರಹ ಸಂಪರ್ಕ ಪಡೆಯಿತು. ಆ ಉಪಕರಣವನ್ನು ಎತ್ತಿನ ಗಾಡಿಯ ಮೇಲೆ ಸಾಗಿಸಿದ ಚಿತ್ರ ಇಂದಿಗೂ ಪ್ರಸಿದ್ಧ. ಚಳಿಗಾಲದಲ್ಲಿ ಸಂಸ್ಥೆಯ ಕೇಂದ್ರ ಕಚೇರಿಯಿರುವ ಡಲ್ಲಾಸ್ ನಗರದಲ್ಲಿ ಸಂಜೆ 6 ಗಂಟೆಯಾದಾಗ ಬೆಂಗಳೂರಿನಲ್ಲಿ ಮರುದಿನ ಬೆಳಗಿನ 5.30. ಅವರು ಬಿಟ್ಟ ಕೆಲಸವನ್ನು ಇವರು ಮುಂದುವರಿಸಬಹುದು. ಹಾಗೆ ಮುಂದುವರಿಸಬೇಕಾದರೆ ಎಲ್ಲಿ ಬಿಟ್ಟೆವು, ಏನು ಉಳಿದಿದೆ ಎಂದು ಬರೆದಿಟ್ಟು ಹೋಗಬೇಕು. ಮಲಗಿರುವವರನ್ನು ಎಬ್ಬಿಸಿ ಕೇಳುವಂತಿಲ್ಲವಲ್ಲ!

ಈ ಪಾಠವನ್ನು ನಾನು ಕಲಿತದ್ದು ಒಂದು ತಪ್ಪು ಮಾಡಿ. 2020ರಲ್ಲಿ ಎಲ್ಲರೂ ಮನೆಯಲ್ಲೇ ಕುಳಿತು ಕೆಲಸ ಮಾಡಬೇಕಾದ ದಿನಗಳು. ಒಂದು ವಿಜ್ಞಾನ ಕಾರ್ಯಕ್ರಮದ ಬರಹವನ್ನು ನಾವು ನಾಲ್ವರು ನಾಲ್ಕು ಊರುಗಳಿಂದ ಸಿದ್ಧಪಡಿಸುತ್ತಿದ್ದೆವು. ನಮ್ಮಲ್ಲಿ ಒಬ್ಬರು ನಿವೃತ್ತ ಮಾಸ್ತರರು. ಅವರ ಊರಿನಲ್ಲಿ ಸಿಗ್ನಲ್ ಸಿಗುತ್ತಿದ್ದುದು ರಾತ್ರಿ ಹೊತ್ತು, ಅದೂ ಮಾಳಿಗೆ ಹತ್ತಿದರೆ. ಬರಹದಲ್ಲಿ ದೂರದ ಒಂದು ಅಳತೆಗೆ ಸೊನ್ನೆಯೊಂದು ಹೆಚ್ಚಾಗಿತ್ತು. ಅದನ್ನು ಕಂಡುಹಿಡಿದವರು ಅವರೇ. ರಾತ್ರಿ ಹತ್ತು ಗಂಟೆಗೆ ಗುಂಪಿಗೆ ತಿದ್ದುಪಡಿ ಕಳಿಸಿದರು. ಬೆಳಗಾಗುವುದರೊಳಗೆ ಅದರ ಮೇಲೆ ಶುಭೋದಯದ ಹೂವುಗಳೂ ಹಬ್ಬದ ಶುಭಾಶಯಗಳೂ ಬಂದು ಬಿದ್ದಿದ್ದವು. ನನ್ನ ಗಣಕದಲ್ಲಿ 'ಅಂತಿಮ', 'ಅಂತಿಮ ಎರಡು', 'ಇದೇ ಅಂತಿಮ' ಎಂಬ ಮೂರು ಕಡತಗಳಿದ್ದವು. ಅವುಗಳಲ್ಲಿ ಒಂದನ್ನು ಹಿಡಿದು ಧ್ವನಿಮುದ್ರಣ ಮುಗಿಸಿದೆ. ಕಾರ್ಯಕ್ರಮ ಆ ಸೊನ್ನೆಯೊಂದಿಗೇ ಪ್ರಸಾರವಾಯಿತು.

ಮಾಸ್ತರರು ಸಿಟ್ಟಾಗಲಿಲ್ಲ. ಫೋನು ಮಾಡಿ ಒಂದೇ ಮಾತು ಕೇಳಿದರು: "ನಾ ಕಳಿಸಿದ್ದು ನಿಮಗ ಮುಟ್ಟಲಿಲ್ಲೇನ್ರಿ?"

ಮುಟ್ಟಿತ್ತು. ಎರಡು ನೀಲಿ ಗೆರೆಗಳೂ ಮೂಡಿದ್ದವು. ಯಂತ್ರದ ಲೆಕ್ಕದಲ್ಲಿ ಅದು ಮುಟ್ಟಿದಂತೆಯೇ ಸರಿ. ಆದರೆ ಪ್ರೈವೇಟ್ ನಂಬರ್ ಕೊಡುವವರು ಯಾರೂ ಇರಲಿಲ್ಲ. ಕೊನೆಯ ಪ್ರತಿ ಯಾರ ಕೈಯಲ್ಲಿದೆ ಎಂಬ ಟೋಕನ್ನೂ ಇರಲಿಲ್ಲ. ತಡವಾಗಿ ಬರುವವನಿಗಾಗಿ ಕಾಯುವ ನಿಯಮವನ್ನೂ ನಾವು ಮಾಡಿಕೊಂಡಿರಲಿಲ್ಲ. ನಮ್ಮಲ್ಲಿ ಹೆಚ್ಚು ತಿಳಿದವರ ಮಾತು, ಸಿಗ್ನಲ್ ಇಲ್ಲದ ಊರಿನಲ್ಲಿದ್ದರು ಎಂಬ ಒಂದೇ ಕಾರಣಕ್ಕೆ ಬಿದ್ದುಹೋಯಿತು.

ಇದು ನಮ್ಮಂಥವರಿಗಷ್ಟೇ ಆಗುವುದಲ್ಲ. 1998ರ ಡಿಸೆಂಬರ್‌ನಲ್ಲಿ ಅಮೆರಿಕದ ನಾಸಾ ಸಂಸ್ಥೆ ಮಂಗಳ ಗ್ರಹಕ್ಕೆ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆಯನ್ನು ಕಳಿಸಿತು. ನೌಕೆ ಕಟ್ಟಿದ ತಂಡ ಕೊಲರಾಡೊ ರಾಜ್ಯದಲ್ಲಿ, ಪಥ ನೋಡುವ ತಂಡ ಕ್ಯಾಲಿಫೋರ್ನಿಯದಲ್ಲಿ. ಸಣ್ಣ ಎಂಜಿನ್ನುಗಳ ತಳ್ಳುವಿಕೆಯ ಲೆಕ್ಕವನ್ನು ಒಂದು ಕಡೆಯ ತಂತ್ರಾಂಶ ಪೌಂಡ್ ಮಾನದಲ್ಲಿ ಕೊಟ್ಟಿತು. ಇನ್ನೊಂದು ಕಡೆಯವರು ಅದನ್ನು ನ್ಯೂಟನ್ ಮಾನವೆಂದು ಓದಿಕೊಂಡರು. ಒಂದು ಪೌಂಡ್ ಬಲವೆಂದರೆ ಸುಮಾರು 4.45 ನ್ಯೂಟನ್. ಅಂಕಿಗಳು ತಿಂಗಳುಗಟ್ಟಲೆ ಸರಿಯಾಗಿಯೇ ತಲುಪುತ್ತಿದ್ದವು, ಅವುಗಳ ಅರ್ಥ ಮಾತ್ರ ತಲುಪಲಿಲ್ಲ. ಏನೋ ವ್ಯತ್ಯಾಸವಿದೆ ಎಂಬ ಅನುಮಾನ ಕೆಲವರಿಗೆ ಬಂದಿತ್ತಾದರೂ ಅದನ್ನು ಕ್ರಮವಾಗಿ ಬೆನ್ನುಹತ್ತಲಿಲ್ಲ. 1999ರ ಸೆಪ್ಟೆಂಬರ್ 23ರಂದು ನೌಕೆ ಮಂಗಳಕ್ಕೆ ಬೇಕಾದುದಕ್ಕಿಂತ ಬಹಳ ಹತ್ತಿರ ಹೋಗಿ ಕಳೆದುಹೋಯಿತು.

ಹದಿನೈದು ವರ್ಷಗಳ ಅನಂತರ, 2014ರ ಸೆಪ್ಟೆಂಬರ್ 24ರಂದು ನಮ್ಮ ಇಸ್ರೋದ ಮಂಗಳಯಾನ ಅದೇ ಗ್ರಹದ ಕಕ್ಷೆ ಸೇರಿತು. ಅಂದು ಬೆಂಗಳೂರಿನ ನಿಯಂತ್ರಣ ಕೇಂದ್ರದಿಂದ ಹೊರಟ ರೇಡಿಯೊ ಸಂದೇಶ ನೌಕೆಯನ್ನು ಮುಟ್ಟಲು 12 ನಿಮಿಷಕ್ಕೂ ಹೆಚ್ಚು ಬೇಕಾಗುತ್ತಿತ್ತು, ಉತ್ತರ ಬರಲು ಮತ್ತಷ್ಟೇ. ಆದ್ದರಿಂದ ಎಂಜಿನ್ ಯಾವಾಗ ಹೊತ್ತಿಕೊಳ್ಳಬೇಕು, ಎಷ್ಟು ಹೊತ್ತು ಉರಿಯಬೇಕು ಎಂಬ ಆಜ್ಞೆಗಳನ್ನು ಮೊದಲೇ ಕಳಿಸಿ, ಅವು ಸರಿಯಾಗಿ ಸೇರಿವೆಯೇ ಎಂದು ನೋಡಿಕೊಂಡಿದ್ದರು. ಉತ್ತರ ತಡವಾಗುವ ಕಡೆ ಸಂದೇಶ ಪೂರ್ಣವಾಗಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. "ಅದನ್ನು ಕಳಿಸು" ಎಂದು ಬರೆದರೆ, ಯಾವುದನ್ನು ಎಂದು ಕೇಳಲು ಅತ್ತಲಿನವರು ಇಡೀ ಒಂದು ದಿನ ಕಳೆಯಬೇಕಾದೀತು.

ಇನ್ನು ನಮ್ಮ ಭಾಷೆಯಲ್ಲೇ ನಡೆಯುತ್ತಿರುವ ಒಂದು ಕೆಲಸವನ್ನು ನೋಡಿ. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಅದನ್ನು ಬರೆಯುವವರಲ್ಲಿ ಬಹುಮಂದಿ ಪರಸ್ಪರ ಕಂಡವರಲ್ಲ. ಸಂಬಳವೂ ಇಲ್ಲ, ಮೇಲಧಿಕಾರಿಯೂ ಇಲ್ಲ. ಹಾಗಿದ್ದೂ ಲೇಖನಗಳು ಕೆಡದೆ ಬೆಳೆಯುವುದು ಹೇಗೆ? ಪ್ರತಿ ಲೇಖನದ ಹಿಂದೆ 'ಇತಿಹಾಸ' ಎಂಬ ಪುಟವಿದೆ. ಯಾರು, ಎಂದು, ಯಾವ ಸಾಲನ್ನು ಬದಲಿಸಿದರು ಎಂಬುದು ಅಲ್ಲಿ ದಾಖಲಾಗುತ್ತದೆ. ತಪ್ಪಾದರೆ ಹಿಂದಿನ ಪ್ರತಿಗೆ ಮರಳಬಹುದು. 'ಚರ್ಚೆ' ಎಂಬ ಇನ್ನೊಂದು ಪುಟದಲ್ಲಿ ಭಿನ್ನಾಭಿಪ್ರಾಯ ಬರೆಯಬಹುದು. ಇಬ್ಬರು ಏಕಕಾಲಕ್ಕೆ ಒಂದೇ ಸಾಲನ್ನು ತಿದ್ದಿದರೆ ಗಣಕವೇ ಎಚ್ಚರಿಸುತ್ತದೆ. ಇಲ್ಲಿ ಲೋಹದ ಟೋಕನ್ ಇಲ್ಲ, ಅದರ ಬದಲು ಅಳಿಯದ ದಾಖಲೆ ಇದೆ. ರಾತ್ರಿ ಬಂದವನ ತಿದ್ದುಪಡಿಗೂ ಬೆಳಿಗ್ಗೆ ಬಂದವನದಕ್ಕೂ ಅಲ್ಲಿ ಒಂದೇ ಬೆಲೆ.

ಈಗ ನಿಮಗೊಂದು ಕೆಲಸ. ಇಬ್ರಾಹಿಂಪುರದಲ್ಲಿ ಕುಳಿತ ಒಬ್ಬ ವಿದ್ಯಾರ್ಥಿ ಒಬ್ಬನೇ ಭೂಮಿಯ ಸುತ್ತಳತೆಯನ್ನು ಕಂಡುಹಿಡಿಯಲು ಈ ವಿಧಾನದಿಂದ ಆಗದು. ಮೈಸೂರಿನಲ್ಲಿ ಒಬ್ಬ ಗೆಳೆಯನೋ ಗೆಳತಿಯೋ ಇದ್ದರೆ ಆದೀತು. ಸುಮಾರು 2200 ವರ್ಷಗಳ ಹಿಂದೆ ಎರಟೊಸ್ತನೀಸ್ ಎಂಬ ಗ್ರೀಕ್ ವಿದ್ವಾಂಸನು ಈಜಿಪ್ಟಿನ ಎರಡು ಊರುಗಳ ನೆರಳನ್ನು ಹೋಲಿಸಿ ಇದನ್ನು ಲೆಕ್ಕ ಹಾಕಿದನು. ವಿಜಯಪುರ ಮತ್ತು ಮೈಸೂರು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಇದು ನಮ್ಮ ಭಾಗ್ಯ.

ಡಿಸೆಂಬರ್ 22ರ ಸುಮಾರಿಗೆ, ಒಂದೇ ದಿನ, ಎರಡೂ ಊರುಗಳಲ್ಲಿ ಒಂದು ಮೀಟರ್ ಎತ್ತರದ ಕೋಲನ್ನು ಸಮತಟ್ಟಾದ ನೆಲದ ಮೇಲೆ, ತೂಗುಗುಂಡಿನಿಂದ ನೋಡಿ, ನೆಟ್ಟಗೆ ನಿಲ್ಲಿಸಿ. ಮಧ್ಯಾಹ್ನ 12 ಗಂಟೆಯಿಂದ ಒಂದು ಗಂಟೆಯವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳು ಅಳೆದು, ಅತಿ ಗಿಡ್ಡ ನೆರಳನ್ನು ಗುರುತು ಹಾಕಿ. ವಿಜಯಪುರದಲ್ಲಿ ಅದು 85 ಸೆಂ.ಮೀ. ಹತ್ತಿರ, ಮೈಸೂರಿನಲ್ಲಿ 72 ಸೆಂ.ಮೀ. ಹತ್ತಿರ ಬರಬೇಕು. ಕೋಲು, ನೆರಳು ಸೇರಿದ ತ್ರಿಕೋನವನ್ನು ಕಾಗದದ ಮೇಲೆ ಅಳತೆಗೆ ಬರೆದು, ಕೋಲಿನ ತುದಿಯ ಕೋನವನ್ನು ಕೋನಮಾಪಕದಿಂದ ನೋಡಿ. ಕಾಲೇಜಿನವರು ಟ್ಯಾನ್ ಕೋಷ್ಟಕ ಬಳಸಲಿ. ಎರಡು ಕೋನಗಳ ವ್ಯತ್ಯಾಸ ಸುಮಾರು ನಾಲ್ಕೂವರೆ ಡಿಗ್ರಿ. ಎರಡು ಊರುಗಳ ನಡುವಿನ ಉತ್ತರ-ದಕ್ಷಿಣ ನೇರ ಅಂತರ ಸುಮಾರು 500 ಕಿ.ಮೀ. ಇದನ್ನು ನಕ್ಷೆಯಿಂದ ತೆಗೆಯಿರಿ, ರಸ್ತೆಯ ದೂರ ಹಿಡಿಯಬೇಡಿ. ನಾಲ್ಕೂವರೆ ಡಿಗ್ರಿಗೆ 500 ಕಿ.ಮೀ. ಆದರೆ 360 ಡಿಗ್ರಿಗೆ ಎಷ್ಟು? 40,000 ಕಿ.ಮೀ. ಭೂಮಿಯ ಸುತ್ತಳತೆ!

ಲೆಕ್ಕ ಸುಲಭ, ಕೂಡಿ ಮಾಡುವುದು ಕಷ್ಟ. ಇಬ್ಬರಲ್ಲಿ ಒಬ್ಬರು ಒಂದೇ ಒಂದು ಸೆಂಟಿಮೀಟರ್ ತಪ್ಪಿದರೂ ಉತ್ತರದಲ್ಲಿ ಸುಮಾರು 3000 ಕಿ.ಮೀ. ಹೆಚ್ಚುಕಡಿಮೆಯಾಗುತ್ತದೆ. ಒಬ್ಬರು ಇಂಚಿನಲ್ಲಿ ಅಳೆದು ಹೇಳದಿದ್ದರೆ ಮಂಗಳದ ನೌಕೆಯ ಗತಿಯೇ ಆದೀತು. ಆದ್ದರಿಂದ ಮೊದಲು ಹಂಚಿಕೆಯ ಒಂದೇ ಒಂದು ಪಟ್ಟಿ ಮಾಡಿ. ದಿನಾಂಕ, ಊರು, ಕೋಲಿನ ಎತ್ತರ, ನೆರಳಿನ ಉದ್ದ, ಮಾನ, ಅಳೆದವರ ಹೆಸರು, ಇಷ್ಟು ಅಂಕಣಗಳಿರಲಿ. ಪಟ್ಟಿಯನ್ನು ಅಂತಿಮಗೊಳಿಸುವ ಹೊಣೆ ಒಬ್ಬರದೇ ಇರಲಿ, ಅದು ಯಾರದೆಂದು ಎಲ್ಲರಿಗೂ ತಿಳಿದಿರಲಿ. ಅಂಕಿ ಬಂದಾಗ ಬರಿಯ ಹೆಬ್ಬೆರಳಿನ ಗುರುತು ಒತ್ತಬೇಡಿ. "ವಿಜಯಪುರ, ಎಂಬತ್ತನಾಲ್ಕೂವರೆ ಸೆಂಟಿಮೀಟರ್, ಬರೆದುಕೊಂಡೆ" ಎಂದು ಅಂಕಿಯನ್ನೇ ಮರಳಿ ಹೇಳಿ. ತಪ್ಪಾದ ಅಳತೆಯನ್ನು ಅಳಿಸದೆ, ಪಕ್ಕದಲ್ಲಿ ಸರಿಯಾದುದನ್ನು ಬರೆಯಿರಿ.

ಕೊನೆಯದಾಗಿ, ನಿಮ್ಮ ಗುಂಪಿನಲ್ಲಿ ತನ್ನದೇ ಫೋನು ಇಲ್ಲದ ಒಬ್ಬ ಹುಡುಗಿ ಇರಬಹುದು. ಅಪ್ಪ ಹೊಲದಿಂದಲೋ ಅಂಗಡಿಯಿಂದಲೋ ಮನೆಗೆ ಬಂದ ಮೇಲೆಯೇ ಅವಳ ಕೈಗೆ ಫೋನು ಸಿಗುವುದು. ಸಂಜೆ ಐದಕ್ಕೆ ಚುರುಕಾದ ನಾಲ್ವರು ಸೇರಿ ತೀರ್ಮಾನ ಮುಗಿಸಿದರೆ, ಅವಳು ಅಳೆದ ನೆರಳು ಲೆಕ್ಕಕ್ಕೆ ಸೇರುವುದಿಲ್ಲ. ಅವಳ ಅಳತೆಯೇ ಎಲ್ಲರಿಗಿಂತ ಸರಿಯಾಗಿದ್ದಿರಬಹುದು. ರಾತ್ರಿ ಒಂಬತ್ತೂವರೆಯವರೆಗೆ ಕಾಯುವುದೆಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಸಲಕರಣೆ ಎಷ್ಟೇ ವೇಗದ್ದಿರಲಿ, ತಂಡ ನಡೆಯಬೇಕಾದದ್ದು ಎಲ್ಲರೂ ಬಂದು ಸೇರುವ ವೇಗದಲ್ಲಿ.

ಆ ಮಾಸ್ತರರ ಜೊತೆ ನಾನು ಈಗಲೂ ಕೆಲಸ ಮಾಡುತ್ತೇನೆ. ಅವರ ತಿದ್ದುಪಡಿ ಬಂದರೆ ತಿದ್ದಿದ ಸಾಲನ್ನು ಪೂರ್ತಿ ಬರೆದು, "ಮುಟ್ಟಿತು" ಎಂದು ಮರಳಿ ಕಳಿಸುತ್ತೇನೆ. ಅದಕ್ಕೆ ಹಿಡಿಯುವುದು ಅರ್ಧ ನಿಮಿಷ.

ನಿಮ್ಮ ಅಳತೆಗಳು ಸರಿಬರಲಿ.